ಚಿಗಟೇರಿಯ ನಡುಹಗಲು ಎಷ್ಟು ಗಂಟೆಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮೇಷ್ಟ್ರುಗಳು, ಮೇಡಂಗಳು ಬೆಳಗಿನ ಬಸ್ಸು ಹಿಡಿದು ಈ ಸಭೆಗೆ ಬಂದಿದ್ದಾರೆ. ಕನ್ನಡದ ವಿಜ್ಞಾನ ಜಾಲತಾಣಗಳು ಮುಂದೆ ಹೇಗಿರಬೇಕು ಎಂಬ ಚರ್ಚೆ ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಶುರುವಾಗಿ ಬೆಂಗಳೂರಿನಲ್ಲೇ ಮುಗಿಯುತ್ತದೆ. ಅದು ಚಿಗಟೇರಿಗೆ ಬಂದದ್ದು ಸಂತೋಷದ ಸಂಗತಿ. ಮೂರು ಲೋಕ ಸುತ್ತಿ, ಹೋದಲ್ಲೆಲ್ಲ ಪ್ರಶ್ನೆ ಹಾಕುತ್ತಿದ್ದ ನಾರದಮುನಿಯ ಗುಡಿ ಇರುವ ಊರಿದು. ಮಕ್ಕಳ ಪ್ರಶ್ನೆಗಳ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸಂಘಟಕರು ಬಯಸಿದ್ದು ಈ ಕ್ಷೇತ್ರದ ಚರಿತ್ರೆಯ ಸಮೀಕ್ಷೆ. ಆ ಚರಿತ್ರೆಯಲ್ಲಿ ದುಡಿದವರೇ ಸಭೆಯಲ್ಲಿ ಹಲವರು ಕುಳಿತಿರುವುದರಿಂದ ಅದನ್ನು ಚುಟುಕಾಗಿ ಮುಗಿಸಬಹುದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ಹೊರತಂದರು. 1978ರಲ್ಲಿ 'ಬಾಲವಿಜ್ಞಾನ' ಪತ್ರಿಕೆ ಬಂತು. ಅಂತರಜಾಲಕ್ಕೆ ಬಂದರೆ, 2003ರಲ್ಲಿ ಕನ್ನಡ ವಿಕಿಪೀಡಿಯ, 2007ರಲ್ಲಿ ಟಿ. ಜಿ. ಶ್ರೀನಿಧಿಯವರ 'ಇಜ್ಞಾನ', 2009ರಲ್ಲಿ ಕರ್ನಾಟಕ ಜ್ಞಾನ ಆಯೋಗದ 'ಕಣಜ'. ಆಮೇಲೆ ಶಿಕ್ಷಕರೇ ಬರೆದು ತಿದ್ದುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ. 2017ರಲ್ಲಿ ಕೇಂದ್ರ ಸರ್ಕಾರದ ಶಾಲಾ ಕಲಿಕೆಯ ತಾಣ 'ದೀಕ್ಷಾ', ಅದರ ಹಿಂದೆಯೇ ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್. ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ಆನ್‌ಲೈನ್ ಪ್ರಯೋಗಗಳು ಈಗ ಕನ್ನಡದಲ್ಲೂ ತೆರೆದುಕೊಳ್ಳುತ್ತವೆ.

ಇಷ್ಟೆಲ್ಲ ಆದಮೇಲೂ ಒಂದು ಕೊರತೆ ಉಳಿದಿದೆ. ತಾಣ ಕಟ್ಟುವವರ ಗಮನವೆಲ್ಲ ಪುಟ ತುಂಬುವುದರ ಮೇಲೆ. ಎಷ್ಟು ಪಾಠ ಏರಿಸಲಾಯಿತು, ಎಷ್ಟು ವಿಡಿಯೊ, ಎಷ್ಟು ಪಿಡಿಎಫ್ ಎಂಬ ಲೆಕ್ಕ ಪ್ರಗತಿ ವರದಿಗೆ ಸೇರುತ್ತದೆ. ಆ ಪುಟ ಓದಿದ ಹುಡುಗಿ ಏನು ಕೇಳಿದಳು, ಏನು ಅಳೆದಳು ಎಂಬುದನ್ನು ಬರೆದಿಡಲು ಅಲ್ಲಿ ಜಾಗವೇ ಇಲ್ಲ. ವಿಜ್ಞಾನದ ಫಲ ಮಕ್ಕಳಿಗೆ ತಲುಪಿತು. ಅಳೆದು, ಅನುಮಾನಿಸಿ, ಮತ್ತೆ ಅಳೆಯುವ ಕೆಲಸ ತಲುಪಲಿಲ್ಲ.

ಇದೇ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಡೆದ ಸಂಗತಿ ಇದು. ಫೆಬ್ರವರಿ ತಿಂಗಳು. ಒಂಬತ್ತನೇ ತರಗತಿಯವರು ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ಅದು ನೇರವಾಗಿದೆಯೇ ಎಂದು ನೋಡಿ, ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಹುಣಸೆ ಬೀಜ ಇಡುತ್ತಿದ್ದರು. ನೆರಳು ಎಲ್ಲಕ್ಕಿಂತ ಗಿಡ್ಡವಾಗಿದ್ದು, ಅಂದರೆ ನಡುಹಗಲಾದದ್ದು, 12 ಗಂಟೆ 40 ನಿಮಿಷಕ್ಕೆ. ಅಳತೆ ಬರೆಯುತ್ತಿದ್ದ ಹುಡುಗಿ ಮೊದಲು 12.40 ಎಂದೇ ಬರೆದಳು. ಆಮೇಲೆ ರಬ್ಬರ್ ತೆಗೆದು ಅಳಿಸಿ 12.00 ಎಂದು ಬರೆದಳು. ಯಾಕಮ್ಮ ಎಂದು ಮೇಷ್ಟ್ರು ಕೇಳಿದ್ದಕ್ಕೆ, "ನೋಟ್ಸಿನಾಗ ಹನ್ನೆರಡಕ್ಕ ಅಂತ ಐತ್ರಿ ಸರ್" ಎಂದಳು.

ಅವಳ ಕೋಲು ಸರಿಯಾಗಿತ್ತು, ಗಡಿಯಾರವೂ ಸರಿಯಾಗಿತ್ತು. ಭಾರತದ ಗಡಿಯಾರ ನಡೆಯುವುದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಚಿಗಟೇರಿ ಇರುವುದು ಹೆಚ್ಚುಕಡಿಮೆ 76 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆರೂವರೆ ಡಿಗ್ರಿಗೆ 26 ನಿಮಿಷ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅದರ ಅಕ್ಷ ಓರೆಯಾಗಿದೆ. ಹಾಗಾಗಿ ಫೆಬ್ರವರಿಯ ಮಧ್ಯದಲ್ಲಿ ಇನ್ನೂ 14 ನಿಮಿಷ ಸೇರುತ್ತದೆ. ಎರಡೂ ಕೂಡಿದರೆ ಸರಿಯಾಗಿ 40. ಅದೇ ಕೋಲನ್ನು ನವೆಂಬರ್ ಮೊದಲ ವಾರದಲ್ಲಿ ನೆಟ್ಟರೆ ನಡುಹಗಲು 12 ಗಂಟೆ 10 ನಿಮಿಷಕ್ಕೇ ಬಂದುಬಿಡುತ್ತದೆ. ಭೂಮಿಯ ತಿರುಗುವಿಕೆ, ರೇಖಾಂಶ, ಕಕ್ಷೆಯ ಆಕಾರ ಮೂರೂ ಆ ಒಂದು ಅಂಕಿಯಲ್ಲಿದ್ದವು. ಅದನ್ನೇ ಅವಳು ಅಳಿಸಿದ್ದು.

ಕನ್ನಡದ ವಿಜ್ಞಾನ ತಾಣ ಮುಂದೆ ಸುಧಾರಿಸಬೇಕಾದರೆ ಆ 12.40 ಉಳಿಯುವಂತೆ ಸುಧಾರಿಸಬೇಕು. ಪ್ರತಿ ಪಾಠದ ಕೊನೆಗೆ ಊರು, ದಿನ, ಗಂಟೆ, ಅಳತೆ ಬರೆಯುವ ನಾಲ್ಕು ಖಾನೆ ಇದ್ದರೆ ಆರಂಭಕ್ಕೆ ಸಾಕು.

ಇಂಥದು ಬೇರೆಡೆ ನಡೆದಿದೆ. 2007ರಲ್ಲಿ 'ಗ್ಯಾಲಕ್ಸಿ ಜೂ' ಎಂಬ ತಾಣ ದೂರದರ್ಶಕ ತೆಗೆದ ಗೆಲಾಕ್ಸಿಗಳ ಚಿತ್ರಗಳನ್ನು ಜನಸಾಮಾನ್ಯರ ಮುಂದಿಟ್ಟು, ಆಕಾರ ನೋಡಿ ವಿಂಗಡಿಸಿ ಎಂದು ಕೇಳಿತು. ನೆದರ್ಲೆಂಡ್ಸಿನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಒಂದು ಗೆಲಾಕ್ಸಿಯ ಪಕ್ಕದಲ್ಲಿದ್ದ ವಿಚಿತ್ರ ಮಚ್ಚೆಯನ್ನು ಕಂಡು, ಇದೇನು ಎಂದು ಕೇಳಿದರು. ಖಗೋಳ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲ. ಹುಡುಕುತ್ತ ಹೋದಾಗ, ಆ ಗೆಲಾಕ್ಸಿಯ ಕೇಂದ್ರದಲ್ಲಿ ಹಿಂದೊಮ್ಮೆ ಪ್ರಖರವಾಗಿದ್ದು ಈಗ ಮಂಕಾಗಿರುವ ಬೆಳಕು ಬಹುದೂರದ ಅನಿಲದ ಮೋಡವನ್ನು ಬೆಳಗಿಸಿದೆ ಎಂದು ತಿಳಿಯಿತು. ಮುಂದೆ ಹಬಲ್ ದೂರದರ್ಶಕವೇ ಅದರ ಚಿತ್ರ ತೆಗೆಯಿತು. ವಸ್ತುವಿಗೆ ಆ ಶಿಕ್ಷಕಿಯ ಹೆಸರೇ ನಿಂತಿದೆ. 'ಇದೇನು?' ಎಂದು ಬರೆಯಲು ಅಲ್ಲಿ ಜಾಗವಿತ್ತು, ಓದುವವರೂ ಇದ್ದರು.

ಹಗರಿಬೊಮ್ಮನಹಳ್ಳಿಯಿಂದ ಬಂದವರು ಈಗ ತಮ್ಮ ಅಂಕಸಮುದ್ರದ ಹಕ್ಕಿಗಳ ಕೆರೆಯ ಮಾತೆತ್ತುತ್ತಾರೆ, ಅದು ನ್ಯಾಯವೇ. ಆ ಕೆರೆ ಜಾಗತಿಕ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಬಣ್ಣದ ಕೊಕ್ಕರೆ ಯಾವ ವಾರ ಗೂಡು ಕಟ್ಟಲು ಶುರು ಮಾಡಿತು ಎಂಬುದನ್ನು ಕೆರೆ ದಂಡೆಯ ಹುಡುಗರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಜೌಗು ನೆಲದ ಪಾಠಕ್ಕೆ ಅವರ ಹತ್ತು ವರ್ಷದ ಟಿಪ್ಪಣಿ ಅಂಟಿಕೊಂಡರೆ ಆ ಪಾಠದ ತೂಕವೇ ಬೇರೆ.

ಇಲ್ಲಿಗೆ ಬಂದಾಗ ಬಹುಕಾಲದಿಂದ ಬಗೆಹರಿಯದ ಪ್ರಶ್ನೆ ಎದುರಾಗುತ್ತದೆ. ಮಗುವಿನ ಅಳತೆಗೂ ಪುಟದ ಮಾತಿಗೂ ತಾಳೆಯಾಗದಿದ್ದರೆ ತೀರ್ಮಾನ ಯಾರದು? ತಜ್ಞರ ಸಮಿತಿಯದು ಎಂದರೆ, ಸಮಿತಿ ಸೇರುವಷ್ಟರಲ್ಲಿ ಆ ಹುಡುಗಿ ಪಿಯುಸಿ ಮುಗಿಸಿರುತ್ತಾಳೆ. ಯಾರು ಏನು ಬರೆದರೂ ಇರಲಿ ಎಂದರೆ, ಗ್ರಹಣದ ದಿನ ನೀರಿಗೆ ದರ್ಭೆ ಹಾಕದಿದ್ದರೆ ವಿಷವಾಗುತ್ತದೆ ಎಂಬುದೂ ಪಾಠದ ಕೆಳಗೆ ಬಂದು ಕೂರುತ್ತದೆ. ವಿಕಿಪೀಡಿಯ ಇದಕ್ಕೆ ಒಂದು ದಾರಿ ಕಂಡುಕೊಂಡಿದೆ: ಪ್ರಕಟವಾದ ಆಧಾರ ಕೊಡಿ. ಆದರೆ ಅಂಗಳದ ನೆರಳಿಗೆ ಪ್ರಕಟವಾದ ಆಧಾರ ಎಲ್ಲಿಂದ ತರುವುದು?

ಅರ್ಧ ಉತ್ತರ ಮಾತ್ರ ಹೊಳೆದಿದೆ. ಅಳತೆಯನ್ನು ಯಾರೂ ತಿದ್ದಬಾರದು, ಅಳಿಸಲೂಬಾರದು. ಅದರ ಪಕ್ಕದಲ್ಲಿ ವಿವರಣೆ ಬರೆಯುವ ಒಬ್ಬ ಸಂಪಾದಕ, ತನ್ನ ಹೆಸರು ಮತ್ತು ತಾರೀಖಿನ ಸಮೇತ, ಒಂದು ವಾರದೊಳಗೆ ಸಿಗಬೇಕು. ಉಳಿದರ್ಧ ಕಷ್ಟದ್ದು. ತಾಣ ಕಟ್ಟಲು ಯೋಜನೆ ಇರುತ್ತದೆ, ಉದ್ಘಾಟನೆಗೆ ಹಣ ಇರುತ್ತದೆ. ವರ್ಷಗಟ್ಟಲೆ ಕುಳಿತು ಉತ್ತರ ಬರೆಯುವವರಿಗೆ ಹುದ್ದೆ ಇರುವುದಿಲ್ಲ. ಸಂಬಳವಿಲ್ಲದ ಉತ್ಸಾಹದಿಂದ ಎಷ್ಟು ವರ್ಷ ನಡೆದೀತು ಎಂಬುದನ್ನು ಈ ಸಭೆ ನೇರವಾಗಿ ಚರ್ಚಿಸಬೇಕು.

ತಾಂತ್ರಿಕ ಮಾತು ಮಧ್ಯಾಹ್ನದ ಗೋಷ್ಠಿಗೆ ಬಿಟ್ಟದ್ದು. ಆದರೂ ಒಂದನ್ನು ಹೇಳದೆ ಇರಲಾಗದು. ಹಳೆಯ ಫಾಂಟಿನಲ್ಲಿ ಟೈಪಾದ, ಸ್ಕ್ಯಾನ್ ಮಾಡಿ ಏರಿಸಿದ ಪಿಡಿಎಫ್‌ನೊಳಗಿನ ಕನ್ನಡ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಅಪ್ಪನ ಸಣ್ಣ ಮೊಬೈಲಿನಲ್ಲಿ ಎರಡು ಕಾಲಂ ಓದಲು ಎಳೆದೆಳೆದು ಬೆರಳು ಸೋಲುತ್ತದೆ. ಹೊಸ ಪುಟಗಳನ್ನು ಒಂದು ವರ್ಷ ನಿಲ್ಲಿಸಿಯಾದರೂ ಹಳೆಯವನ್ನು ಯೂನಿಕೋಡಿಗೆ ತರಬೇಕು.

ಕೆಲಸ ಶುರು ಮಾಡಲು ಒಂದು ದಿನ ಕಾದಿದೆ. ಸೂರ್ಯ ನೆತ್ತಿಯ ನೇರಕ್ಕೆ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲವಾಗುವುದು ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಸಲ. ಮೊದಲನೆಯದು ಏಪ್ರಿಲ್ ಕೊನೆಗೆ, ಬೇಸಿಗೆ ರಜೆಯಲ್ಲಿ. ಎರಡನೆಯದು ಆಗಸ್ಟ್ 12ರ ಆಸುಪಾಸು, ಶಾಲೆ ನಡೆಯುವಾಗಲೇ, ಮೋಡ ಬಿಟ್ಟುಕೊಟ್ಟರೆ. ಬೆಂಗಳೂರಿನಲ್ಲಿ ಅದು ಆಗಸ್ಟ್ 18ರ ಸುಮಾರಿಗೆ. ಬೆಂಗಳೂರಿನ ಕೋಲಿಗೆ ನೆರಳಿಲ್ಲದ ಆ ನಡುಹಗಲಿನಲ್ಲಿ ಚಿಗಟೇರಿಯ ಒಂದು ಮೀಟರ್ ಕೋಲಿಗೆ ಸುಮಾರು ಮೂರು ಸೆಂಟಿಮೀಟರ್ ನೆರಳು ಇರುತ್ತದೆ. ಆ ಮೂರು ಸೆಂಟಿಮೀಟರ್ ಮತ್ತು ಎರಡೂ ಊರಿನ ತೆಂಕು ಬಡಗಿನ ದೂರ ಗೊತ್ತಾದರೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು; ಎರಟೊಸ್ಥನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಈ ಐದು ತಾಲ್ಲೂಕುಗಳ ಶಾಲೆಗಳು ಆ ವಾರವಿಡೀ ಅಳೆದು, ಬಂದ ಅಂಕಿಗಳನ್ನು ಬಂದ ಹಾಗೆಯೇ ಒಂದು ಪುಟಕ್ಕೆ ಏರಿಸಲಿ. ಆ ಪುಟವನ್ನು ಯಾರು ನೋಡಿಕೊಳ್ಳುತ್ತಾರೆ, ಪ್ರತಿ ತಾಲ್ಲೂಕಿನಿಂದ ಯಾರು ಉತ್ತರ ಬರೆಯುತ್ತಾರೆ ಎಂಬ ಪಟ್ಟಿ ಸಂಜೆಯ ಸಮಾರೋಪಕ್ಕೆ ಮುಂಚೆ ಸಿದ್ಧವಾಗಬೇಕೆಂದು ಸಭೆಗೆ ವಿನಂತಿ.