ಗೌರವದ ಪೀಠ, ಅಧಿಕಾರದ ಪೀಠ
(ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯ ವೃದ್ಧಪ್ರಭುತ್ವ. ನನ್ನ ನರೆಗೂದಲನ್ನು ಕಂಡೇ ಸಂಘಟಕರು ಇದನ್ನು ನನಗೆ ಒಪ್ಪಿಸಿರಬೇಕು.

1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ ಮಾಸ್ತಿಯವರಿಗೆ ನಲವತ್ತು ತುಂಬಿರಲಿಲ್ಲ. 1943ರಲ್ಲಿ ಶಿವಮೊಗ್ಗದಲ್ಲಿ ಅಧ್ಯಕ್ಷರಾದ ಬೇಂದ್ರೆಯವರು ಐವತ್ತರೊಳಗಿನವರು. 2011ರಲ್ಲಿ ಬೆಂಗಳೂರಿನಲ್ಲಿ ಅದೇ ಪೀಠವನ್ನೇರಿದ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರಿಗೆ 97, 2024ರಲ್ಲಿ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರಿಗೆ 94. ಇಬ್ಬರೂ ಆ ಮನ್ನಣೆಗೆ ಸರ್ವಥಾ ಅರ್ಹರು. ಅದು ಕೆಲವು ದಿನಗಳ ಗೌರವದ ಪೀಠ. ಪರಿಷತ್ತಿನ ಆಡಳಿತ ಅವರ ಕೈಯಲ್ಲಿರುವುದಿಲ್ಲ. ಹಿರಿಯರಿಗೆ ಸಲ್ಲುವ ಈ ಗೌರವವನ್ನು ನಾವು ಅಧಿಕಾರದ ಪೀಠಕ್ಕೂ ವಿಸ್ತರಿಸಿದಾಗಲೇ ತೊಡಕು ಆರಂಭವಾಗುತ್ತದೆ.

2019ರಲ್ಲಿ ಯಡಿಯೂರಪ್ಪನವರು 76ನೆಯ ವಯಸ್ಸಿನಲ್ಲಿ ಮತ್ತೆ ಮುಖ್ಯಮಂತ್ರಿಗಳಾದರು. 2022ರಲ್ಲಿ ಖರ್ಗೆಯವರು 80ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿ ಚುನಾಯಿತರಾದರು. 2023ರಲ್ಲಿ ಶಾಮನೂರು ಶಿವಶಂಕರಪ್ಪನವರು 91ರಲ್ಲಿ ದಾವಣಗೆರೆ ದಕ್ಷಿಣದಿಂದ ಶಾಸಕರಾದರು. ಇವರನ್ನು ಆರಿಸಿದವರು ಉಂಟು. ಆದ್ದರಿಂದ ದೂರು ಅವರ ಮೇಲಲ್ಲ. ನಮ್ಮ ಸಂವಿಧಾನವು ಲೋಕಸಭೆಗೆ 25, ರಾಜ್ಯಸಭೆಗೆ 30 ಎಂದು ಕನಿಷ್ಠ ವಯಸ್ಸನ್ನು ವಿಧಿಸಿದೆ, ಗರಿಷ್ಠವನ್ನು ಹೇಳಿಲ್ಲ. ರಾಜ್ಯ ಸರ್ಕಾರದ ಗುಮಾಸ್ತ 60ಕ್ಕೆ ಮನೆಗೆ ಹೋಗಬೇಕು, ಹೈಕೋರ್ಟಿನ ನ್ಯಾಯಾಧೀಶರು 62ಕ್ಕೆ, ಸುಪ್ರೀಂ ಕೋರ್ಟಿನವರು 65ಕ್ಕೆ. ಮಂತ್ರಿಗೆ ಮಾತ್ರ ನಿವೃತ್ತಿಯೆಂಬುದಿಲ್ಲ!

ಸೋವಿಯತ್ ದೇಶದಲ್ಲಿ 1982ರಿಂದ 1985ರೊಳಗೆ ಬ್ರೆಝ್ನೇವ್, ಆಂಡ್ರೊಪೋವ್, ಚೆರ್ನೆಂಕೊ ಮೂವರೂ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅಷ್ಟು ದೂರ ಹೋಗುವುದೇಕೆ? ನಮ್ಮೂರಿನ ಒಂದು ಗ್ರಂಥಾಲಯ ಸಮಿತಿಯ ಕಾರ್ಯದರ್ಶಿ ಸ್ಥಾನವನ್ನು ನಾನೇ ಹದಿನಾರು ವರ್ಷ ಬಿಡಲಿಲ್ಲ. "ಹುಡುಗರಿಗೆ ಲೆಕ್ಕಪತ್ರ ಗೊತ್ತಿಲ್ಲ" ಎನ್ನುತ್ತಿದ್ದೆ. ಗೊತ್ತಾಗುವುದಾದರೂ ಹೇಗೆ? ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು, ಬ್ಯಾಂಕಿನಲ್ಲಿ ನನ್ನದೇ ಸಹಿ ನಡೆಯುತ್ತಿತ್ತು. ನಾನು ಕಾಯಿಲೆ ಬಿದ್ದ ವರ್ಷ ವಾರ್ಷಿಕ ಸಭೆಯೇ ನಡೆಯಲಿಲ್ಲ. ಅಷ್ಟರಲ್ಲಿ ಉತ್ಸಾಹವಿದ್ದ ಇಬ್ಬರು ತರುಣರು ಊರು ಬಿಟ್ಟು ಹೋಗಿದ್ದರು. ಅವರಲ್ಲೊಬ್ಬ ಕೊಲ್ಲಿಗೇ ಬಂದನೆಂದು ಕೇಳಿದ್ದೇನೆ. ಈ ಸಭೆಯಲ್ಲಿದ್ದರೆ ಕ್ಷಮಿಸಲಿ.

ಈ ನಾಡಿನ ಕನ್ನಡ ಸಂಘಗಳಿಗೆ ಒಂದು ವಿಚಿತ್ರ ಅನುಕೂಲವಿತ್ತು. ಇಲ್ಲಿನ ವಾಸ ಬಹುಮಟ್ಟಿಗೆ ಉದ್ಯೋಗಕ್ಕೆ ಅಂಟಿಕೊಂಡದ್ದು. ಕೆಲಸ ಮುಗಿದೊಡನೆ ಹಿರಿಯರು ಊರಿಗೆ ಮರಳುತ್ತಿದ್ದರು. ಬೇಕೆಂದರೂ ಬೇಡವೆಂದರೂ ಕುರ್ಚಿ ತೆರವಾಗುತ್ತಿತ್ತು. ನಮ್ಮ ಬೈಲಾಗಳು ಮಾಡದ ಕೆಲಸವನ್ನು ವೀಸಾ ಮಾಡುತ್ತಿತ್ತು. ಈಗ 55 ದಾಟಿದವರಿಗೆ ನಿವೃತ್ತಿ ವೀಸಾ ಇದೆ, ಹತ್ತು ವರ್ಷಗಳ ಗೋಲ್ಡನ್ ವೀಸಾ ಇದೆ. ಹಿರಿಯರು ಇಲ್ಲಿಯೇ ಉಳಿಯುವುದು ಸಂತೋಷದ ಸಂಗತಿ. ಮೊಮ್ಮಕ್ಕಳ ಕಿವಿಗೆ ಕನ್ನಡ ಬೀಳುತ್ತದೆ. ಆದರೆ ಇನ್ನು ಮುಂದೆ ಕುರ್ಚಿ ತಾನಾಗಿ ತೆರವಾಗದು. ಒಬ್ಬರಿಗೆ ಸತತವಾಗಿ ಎರಡೇ ಅವಧಿ, ಖಜಾಂಚಿಯ ಜೊತೆಗೆ ನಲವತ್ತರೊಳಗಿನ ಒಬ್ಬ ಸಹಖಜಾಂಚಿ, ಹಿರಿಯರಿಗೆ ಮತವಿಲ್ಲದ ಸಲಹಾ ಮಂಡಲಿ: ಇಷ್ಟನ್ನಾದರೂ ಮುಂದಿನ ವಾರ್ಷಿಕ ಸಭೆಯಲ್ಲಿ ಚರ್ಚೆಗೆ ತನ್ನಿರೆಂದು ಕೋರುತ್ತೇನೆ. ಮತವಿಲ್ಲದ ಮಂಡಲಿಯೆಂದಾಗ ಮುಂದಿನ ಸಾಲಿನಲ್ಲಿ ಕೆಲವರ ಹುಬ್ಬು ಗಂಟಿಕ್ಕಿದ್ದನ್ನು ಗಮನಿಸಿದೆ. ಅವರ ಆಕ್ಷೇಪಗಳನ್ನು ಅವಶ್ಯವಾಗಿ ಕೇಳುತ್ತೇನೆ. ಆದರೆ ಮೊದಲ ಪ್ರಶ್ನೆ ಹಿಂದಿನ ಸಾಲಿನಲ್ಲಿ ನಿಂತಿರುವ ಹುಡುಗ ಹುಡುಗಿಯರಿಂದ ಬರಲಿ.