ಹಣ ಪಡೆಯಲು ಪಿನ್ ಬೇಕಿಲ್ಲ



ನಿಮ್ಮ ಹಳೆಯ ಸೈಕಲ್ಲನ್ನು ಮಾರಲು ಅಂತರಜಾಲದಲ್ಲಿ ಜಾಹೀರಾತು ಹಾಕಿದ್ದೀರಿ ಎಂದುಕೊಳ್ಳಿ. ಒಬ್ಬರು ಚೌಕಾಸಿಯನ್ನೇ ಮಾಡದೆ ಒಪ್ಪುತ್ತಾರೆ. "ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾರೆ. ಒತ್ತಿದಿರೋ, ಹಣ ಬರುವುದಿಲ್ಲ; ನಿಮ್ಮ ಖಾತೆಯಿಂದಲೇ ಹೋಗುತ್ತದೆ.

ಏಕೆ ಹೀಗೆ? 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಹಣ ಕಳಿಸುವಾಗ ಒತ್ತುವ ಪಿನ್, ಚೆಕ್ಕಿನ ಮೇಲಿನ ಸಹಿಯಿದ್ದಂತೆ. ನಿಮ್ಮ ಖಾತೆಯಿಂದ ಹಣ ಕೊಡಲು ಬ್ಯಾಂಕಿಗೆ ನೀವು ನೀಡುವ ಒಪ್ಪಿಗೆ ಅದು. ಆ ಕಪ್ಪು-ಬಿಳುಪು ಚೌಕದಲ್ಲಿ ಅಡಗಿರುವುದು ಹಣ ಪಡೆಯುವವರ ವಿಳಾಸ. ಆದ್ದರಿಂದ ಅದನ್ನು ಸ್ಕ್ಯಾನ್ ಮಾಡುವವರು ಹಣ ಕೊಡುವವರೇ ಹೊರತು ಪಡೆಯುವವರಲ್ಲ. ಖಾತೆಯಲ್ಲಿ ಎಷ್ಟಿದೆಯೆಂದು ನೋಡಲೂ ಪಿನ್ ಬೇಕಾಗುತ್ತದೆ. ಹಣ ಪಡೆಯಲು ಮಾತ್ರ ಎಂದೂ ಬೇಕಿಲ್ಲ.

ನೀವು ಕೊಳ್ಳುವಾಗಲೂ ಅಷ್ಟೇ. ಪಿನ್ ಒತ್ತುವ ಮುನ್ನ ಪರದೆಯ ಮೇಲಿನ ಹೆಸರು, ಮೊತ್ತ ಎರಡನ್ನೂ ಓದಿ. ಪಿನ್ ಆಗಲಿ ಒಟಿಪಿ ಆಗಲಿ ಯಾರಿಗೂ ಹೇಳಬೇಡಿ.

ಒಂದು ವೇಳೆ ಮೋಸಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಮನೆಯ ಹಿರಿಯರಿಗೂ ಇದನ್ನು ಇಂದೇ ತಿಳಿಸಿಕೊಡಿ.