ದೋಣಿಗೆ ಎಂಥ ಎಂಜಿನು? ಅದರ ಆರೈಕೆ ಹೇಗೆ?



ಗದ್ದೆಗೆ ಎತ್ತು, ತೋಟಕ್ಕೆ ಪಂಪು ಹೇಗೋ ಹಾಗೆ ಕರಾವಳಿಯ ಹೊಳೆಬದಿಯ ಒಕ್ಕಲಿಗೆ ದೋಣಿ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗದ ಭತ್ತ ಬೆಳೆಯುವವರಿಗೂ, ಶರಾವತಿಯ ಕುರ್ವೆಗಳಲ್ಲಿ ತೆಂಗು ಬೆಳೆಸಿದವರಿಗೂ, ಉಡುಪಿ ಕಡೆಯ ಕುದ್ರುಗಳಲ್ಲಿ ಮನೆ ಮಾಡಿಕೊಂಡವರಿಗೂ ಈ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೆಲವು ಕಡೆ ಸೇತುವೆ ಬಂದಿದೆ. ಇನ್ನು ಕೆಲವು ಕಡೆ ಗೊಬ್ಬರ ಬರುವುದೂ ದೋಣಿಯಲ್ಲಿ, ತೆಂಗಿನಕಾಯಿ ಹೋಗುವುದೂ ದೋಣಿಯಲ್ಲಿ. ಅದರ ಹಿಂಬದಿಯ ಹಲಗೆಗೆ ಕಚ್ಚಿಸುವ ಸಣ್ಣ ಎಂಜಿನು ಈಗ ಅನೇಕ ಮನೆಗಳಲ್ಲಿದೆ. ಅದನ್ನು ಆರಿಸುವುದು ಹೇಗೆ, ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲು ಒಂದು ಸಂಗತಿ ಹೇಳುತ್ತೇನೆ. ಮಳೆಗಾಲದ ಒಂದು ಬೆಳಿಗ್ಗೆ ಕುರ್ವೆಯ ಒಬ್ಬ ಯಜಮಾನರು ಹೆಂಡತಿಯನ್ನೂ ಶಾಲೆಗೆ ಹೋಗುವ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಹೊಳೆ ದಾಟುತ್ತಿದ್ದರು. ಹೊಳೆಯಲ್ಲಿ ಕೆಂಪು ನೀರು. ಸಾಲದ್ದಕ್ಕೆ ಇಳಿತದ ಹೊತ್ತು. ನಡುಹೊಳೆಯಲ್ಲಿ ಎಂಜಿನು ನಿಂತಿತು. ಹಗ್ಗ ಎಳೆದರು, ಮತ್ತೆ ಎಳೆದರು. ಇಪ್ಪತ್ತು ಸಲ ಎಳೆದರೂ ಹತ್ತಲಿಲ್ಲ. ದೋಣಿ ಅಳಿವೆಯ ಕಡೆಗೆ ಜಾರತೊಡಗಿತು. ಹುಟ್ಟು ಮನೆಯ ಜಗಲಿಯ ಮೇಲಿತ್ತು. ಆಗ ಹೆಂಡತಿ, “ಇಲ್ಲಿ ನೋಡಿ, ಎಣ್ಣೆ ಡಬ್ಬಿ ಯಾಕೆ ಒಳಕ್ಕೆ ಸೊಟ್ಟಗಾಗಿದೆ?” ಎಂದರು. ನೋಡಿದರೆ ಡಬ್ಬಿಯ ಮುಚ್ಚಳದ ಮೇಲಿನ ಗಾಳಿ ತಿರುಪು ಮುಚ್ಚಿಯೇ ಇತ್ತು! ಒಳಕ್ಕೆ ಗಾಳಿ ಹೋಗದೆ ಎಣ್ಣೆ ಹೊರಕ್ಕೆ ಬರುವುದು ಹೇಗೆ? ತಿರುಪು ಸಡಿಲಿಸಿ, ಕೊಳವೆಯ ರಬ್ಬರ್ ಉಂಡೆಯನ್ನು ನಾಲ್ಕು ಸಲ ಹಿಸುಕಿದ ಮೇಲೆ ಎಂಜಿನು ಹತ್ತಿತು. ಆ ದಿನ ನಾಲ್ಕು ಜೀವ ಉಳಿದವು. ಎಂಜಿನಿನಲ್ಲಿ ದೋಷವೇನೂ ಇರಲಿಲ್ಲ ಎಂಬುದನ್ನು ಗಮನಿಸಿ.

ಆದುದರಿಂದ ನಾನು ಹೇಳುವುದಿಷ್ಟೆ: ನಂಬಿಕೆಯ ಎಂಜಿನು ಅಂಗಡಿಯಲ್ಲಿ ಸಿಗುವುದು ಅರ್ಧ ಮಾತ್ರ. ಉಳಿದರ್ಧವನ್ನು ಮನೆಯಲ್ಲಿ ನಾವೇ ಮಾಡಿಕೊಳ್ಳಬೇಕು.

ಮೊದಲು ಆರಿಸುವ ಮಾತು. “ದೊಡ್ಡದನ್ನೇ ತೆಗೆದುಬಿಡೋಣ, ಬೇಗ ಹೋಗುತ್ತದೆ” ಎನ್ನುವವರುಂಟು. ಅದು ತಪ್ಪು. ಭಾರ ಹೇರಿದ ನಾಡದೋಣಿ ನೀರನ್ನು ಸೀಳಿಕೊಂಡು ಹೋಗುವಂಥದ್ದು. ಅದರ ವೇಗಕ್ಕೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ಆ ಮಿತಿ ಮುಟ್ಟಿದ ಮೇಲೆ ಅಶ್ವಶಕ್ತಿ ಎರಡರಷ್ಟಾದರೂ ವೇಗ ಎರಡರಷ್ಟಾಗುವುದಿಲ್ಲ. ಎಣ್ಣೆ ಸುಡುತ್ತದೆ, ಹಿಂಬದಿ ತಗ್ಗುತ್ತದೆ, ಅಲೆಯ ನೀರು ಒಳಕ್ಕೆ ನುಗ್ಗುತ್ತದೆ. 2 ಅಶ್ವಶಕ್ತಿಯ ಎಂಜಿನು ಹತ್ತು ಹದಿನೈದು ಕಿಲೋ ತೂಗಿದರೆ 10 ಅಶ್ವಶಕ್ತಿಯದು ಮೂವತ್ತು ನಲವತ್ತು ಕಿಲೋ ತೂಗುತ್ತದೆ. ಹೊಳೆ ದಾಟುವ ಸಣ್ಣ ದೋಣಿಗೆ ಸಣ್ಣದೇ ಸಾಕು. ಸೆಳವಿನ ಹೊಳೆ, ದೊಡ್ಡ ದೋಣಿ, ಕಾಯಿ ಗೊಬ್ಬರದ ಹೇರು ಇದ್ದರೆ ಮಾತ್ರ ಮೇಲಕ್ಕೆ ಹೋಗಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಎರಡನೆಯದು, ಕಾಲಿನ ಉದ್ದ. ಹಿಂಬದಿ ಹಲಗೆಯ ಎತ್ತರ 15 ಅಂಗುಲವಿದ್ದರೆ ಗಿಡ್ಡ ಕಾಲಿನದು, 20 ಅಂಗುಲವಿದ್ದರೆ ಉದ್ದ ಕಾಲಿನದು ಬೇಕು. ಫ್ಯಾನಿನ ಮೇಲಿರುವ ಚಪ್ಪಟೆ ತಗಡು ದೋಣಿಯ ಅಡಿಗೆ ಸಮನಾಗಿ, ಇಲ್ಲವೆ ಒಂದು ಅಂಗುಲ ಕೆಳಗೆ ಬರಬೇಕು. ತೀರ ಮೇಲಾದರೆ ಫ್ಯಾನು ಗಾಳಿ ಹೀರಿ ಬರಿದೆ ತಿರುಗುತ್ತದೆ. ತೀರ ಕೆಳಗಾದರೆ ಇಳಿತದ ಹೊತ್ತಿನಲ್ಲಿ ಕೆಸರು, ಕಲ್ಲು ತಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಿಡಿಭಾಗ. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಎಂಬವರು ಈ ಬಗೆಯ ಎಂಜಿನನ್ನು 1909ರಿಂದ ಮಾರತೊಡಗಿದರು. ಲೋಕಪ್ರಸಿದ್ಧವಾದ ಆ ಹೆಸರಿನ ಎಂಜಿನುಗಳ ತಯಾರಿಕೆ 2020ರಲ್ಲಿ ನಿಂತೇ ಹೋಯಿತು. ಹೆಸರು ಎಷ್ಟು ದೊಡ್ಡದಾದರೇನು, ಬಿಡಿಭಾಗ ಸಿಗದಿದ್ದರೆ ಅದು ನಮಗೆ ಕಬ್ಬಿಣದ ಗುಂಡು. ಕೊಳ್ಳುವ ಮೊದಲು ನಿಮ್ಮ ಬಂದರಿನ ಮೀನುಗಾರರನ್ನು ಕೇಳಿ. ಅವರಲ್ಲಿ ಹೆಚ್ಚಿನವರು ಯಾವ ಎಂಜಿನು ಇಟ್ಟಿದ್ದಾರೆ? ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಯಾರು? ಪ್ಲಗ್ಗು, ಪಿನ್ನು, ಇಂಪೆಲ್ಲರ್ ಒಂದು ದಿನದೊಳಗೆ ಸಿಗುತ್ತವೆಯೇ? ಹೌದೆಂದು ಉತ್ತರ ಬಂದರೆ ಕೊಳ್ಳಿ.

ಹಳೆಯ ಎಂಜಿನು ಕೊಳ್ಳುವುದಾದರೆ ಬಣ್ಣ ನೋಡಿ ಮರುಳಾಗಬೇಡಿ. ತಣ್ಣಗಿರುವಾಗಲೇ ಹತ್ತಿಸಿ ತೋರಿಸಲು ಹೇಳಿ. ಎಂಜಿನಿನಿಂದ ತಂಪಿನ ನೀರು ಸಣ್ಣ ಧಾರೆಯಾಗಿ ಹೊರಕ್ಕೆ ಚಿಮ್ಮುತ್ತಿದೆಯೇ ನೋಡಿ. ಆಮೇಲೆ ನಿಲ್ಲಿಸಿ, ಕೆಳಗಿನ ಗೇರುಪೆಟ್ಟಿಗೆಯ ತಿರುಪು ತೆಗೆದು ನಾಲ್ಕು ಹನಿ ಎಣ್ಣೆ ಬೀಳಿಸಿ ನೋಡಿ. ಅದು ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಕ್ಕೆ ನೀರು ಸೇರಿದೆ ಎಂದರ್ಥ. ಅಂಥದ್ದನ್ನು ಬಿಟ್ಟುಬಿಡಿ, ಇಲ್ಲವೆ ರಿಪೇರಿಯ ಖರ್ಚು ಕಳೆದು ಬೆಲೆ ಹೇಳಿ.

ಇನ್ನು ಆರೈಕೆ. ನಮ್ಮ ಎಂಜಿನಿನ ಮೊದಲ ಶತ್ರು ಉಪ್ಪು. ಹೊಳೆಯ ನೀರನ್ನೇ ಹೀರಿ ಎಂಜಿನು ತಂಪಾಗುತ್ತದೆ. ಬೇಸಿಗೆಯಲ್ಲಿ ಉಬ್ಬರದೊಡನೆ ಉಪ್ಪುನೀರು ಹೊಳೆಯಲ್ಲಿ ಬಲು ದೂರ ಏರುತ್ತದಲ್ಲವೇ? ಆ ನೀರು ಒಳಗಿನ ಸಣ್ಣ ದಾರಿಗಳಲ್ಲಿ ಒಣಗಿದರೆ ಉಪ್ಪು ಕಟ್ಟಿಕೊಳ್ಳುತ್ತದೆ. ದಾರಿ ಮುಚ್ಚಿ ಎಂಜಿನು ಕಾದು ಸುಡುತ್ತದೆ. ಆದುದರಿಂದ ದಿನದ ಕೆಲಸ ಮುಗಿದ ಮೇಲೆ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನಿನ ಕಾಲನ್ನು ಇಳಿಸಿ, ನೀರು ಹೀರುವ ತೂತು ಪೂರ್ತಿ ಮುಳುಗಿರುವಂತೆ ನೋಡಿಕೊಂಡು, ಗೇರು ಹಾಕದೆ, ಐದರಿಂದ ಹತ್ತು ನಿಮಿಷ ನಿಧಾನವಾಗಿ ಓಡಿಸಿ. ನಿಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಸಪ್ಪೆ ಉಪ್ಪಾಗುವುದಿದ್ದರೆ ಬೇರೆ ನೀರು ತನ್ನಿ. ಒಂದೇ ಡ್ರಮ್ಮಿನ ನೀರನ್ನು ವಾರಗಟ್ಟಲೆ ಇಟ್ಟರೆ ಅದೂ ಉಪ್ಪಾಗುತ್ತದೆ. ನೀರಿಲ್ಲದೆ ಮಾತ್ರ “ಒಂದು ನಿಮಿಷ ನೋಡೋಣ” ಎಂದು ಎಂಜಿನು ಹತ್ತಿಸಲೇಬಾರದು. ನೀರೆತ್ತುವ ಇಂಪೆಲ್ಲರ್ ರಬ್ಬರಿನದು. ಒಣಗಿ ತಿರುಗಿದರೆ ಕ್ಷಣದಲ್ಲಿ ಹರಿದುಹೋಗುತ್ತದೆ. ಓಡುವಾಗ ನೀರಿನ ಧಾರೆ ನಿಂತರೆ ಕೂಡಲೇ ಎಂಜಿನು ನಿಲ್ಲಿಸಿ. ಹುಟ್ಟು ಹಾಕಿ ದಡ ಸೇರಿ.

ಕಾಲಿನ ಬಳಿ ಸತುವಿನ ಒಂದು ತುಂಡು ಇರುತ್ತದೆ. ಉಪ್ಪುನೀರು ಎಂಜಿನಿನ ಲೋಹವನ್ನು ತಿನ್ನುವ ಬದಲು ಇದನ್ನು ತಿನ್ನಲಿ ಎಂದೇ ಅದನ್ನು ಇಟ್ಟಿರುವುದು. ಅದಕ್ಕೆ ಬಣ್ಣ ಬಳಿಯಬಾರದು. ಅರ್ಧ ಸವೆದಾಗ ಹೊಸದು ಹಾಕಬೇಕು.

ಎರಡನೆಯ ಶತ್ರು ಕೆಟ್ಟ ಎಣ್ಣೆ. ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನುಗಳಲ್ಲಿ ಹಲವಕ್ಕೆ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲು, ಎಂದರೆ ಲೀಟರಿಗೆ 20 ಮಿಲಿಲೀಟರು. ನಿಮ್ಮ ಎಂಜಿನಿನ ಪುಸ್ತಕ ಬೇರೆ ಅಳತೆ ಹೇಳಿದರೆ ಅದೇ ಪ್ರಮಾಣ. ಅಳೆದೇ ಹಾಕಿ, ಅಂದಾಜು ಬೇಡ. ನಾಲ್ಕು ಸ್ಟ್ರೋಕಿನದಾದರೆ ಆಯಿಲು ಬೇರೆಯಾಗಿಯೇ ಇರುತ್ತದೆ; ಹೊರಡುವ ಮೊದಲು ಕಡ್ಡಿ ತೆಗೆದು ನೋಡಿ. ಸೀಮೆ ಎಣ್ಣೆಯ ಎಂಜಿನನ್ನು ಪೆಟ್ರೋಲಿನಲ್ಲಿ ಹತ್ತಿಸಿ, ಬಿಸಿಯಾದ ಮೇಲೆ ಸೀಮೆ ಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿನಲ್ಲಿ ಸ್ವಲ್ಪ ಓಡಿಸಿದರೆ ಮರುದಿನ ಹತ್ತಿಸುವುದು ಸುಲಭ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಕಬ್ಬು, ಧಾನ್ಯಗಳಿಂದ ಬರುವ ಎಥನಾಲ್ ಘಟ್ಟದ ಮೇಲಿನ ರೈತರಿಗೆ ಒಳ್ಳೆಯದೇ ಇರಬಹುದು. ಆದರೆ ಅದಕ್ಕೆ ನೀರು ಹೀರುವ ಗುಣವುಂಟು. ಕರಾವಳಿಯ ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿನ ತಳದಲ್ಲಿ ನೀರು ಕೂರಬಹುದು. ಬೇಕಾದಷ್ಟೇ ತನ್ನಿ, ಬೇಗ ಮುಗಿಸಿ. ಹಳೆಯ ರಬ್ಬರ್ ಕೊಳವೆ ಮೆತ್ತಗಾಗಿದೆಯೇ, ಬಿರಿದಿದೆಯೇ ಎಂದು ಆಗಾಗ ನೋಡಿ.

ಫ್ಯಾನಿಗೆ ಬಲೆಯ ನೂಲು, ಪ್ಲಾಸ್ಟಿಕ್ ಸುತ್ತಿಕೊಳ್ಳುವುದು ಈಗ ಸಾಮಾನ್ಯ. ಆ ನೂಲು ಒಳಕ್ಕೆ ಸರಿದು ಎಣ್ಣೆ ತಡೆಯುವ ಸೀಲನ್ನು ಕೊಯ್ಯುತ್ತದೆ. ತಿಂಗಳಿಗೊಮ್ಮೆ ಫ್ಯಾನು ಬಿಚ್ಚಿ ನೋಡಿ. ಗೇರೆಣ್ಣೆಯನ್ನು ನೂರು ಗಂಟೆಗೊಮ್ಮೆ, ಇಲ್ಲವೆ ಆರು ತಿಂಗಳಿಗೊಮ್ಮೆ ಬದಲಿಸಿ. ಸಣ್ಣ ಎಂಜಿನುಗಳಲ್ಲಿ ಫ್ಯಾನನ್ನು ಹಿಡಿದಿರುವುದು ಒಂದು ಮೆದು ಪಿನ್ನು. ಕಲ್ಲು ತಾಗಿದಾಗ ತಾನು ಮುರಿದು ಗೇರನ್ನು ಉಳಿಸುವುದೇ ಅದರ ಕೆಲಸ. ಅದರ ಜಾಗದಲ್ಲಿ ಮೊಳೆ ಬಡಿಯುವವರುಂಟು! ಮೊಳೆ ಮುರಿಯುವುದಿಲ್ಲ, ಗೇರು ಮುರಿಯುತ್ತದೆ. ಎರಡು ಪಿನ್ನು, ಒಂದು ಪ್ಲಗ್ಗು, ಪ್ಲಗ್ಗಿನ ಪಾನೆ, ಇಕ್ಕಳ, ಎಳೆಯುವ ಹಗ್ಗ, ಇಷ್ಟು ಒಂದು ಡಬ್ಬಿಯಲ್ಲಿ ಸದಾ ದೋಣಿಯಲ್ಲಿರಲಿ.

ಎಂಜಿನು ನೀರಿಗೆ ಬಿದ್ದರೆ ಏನು ಮಾಡಬೇಕು? ಮೇಲೆತ್ತಿ ಬಿಸಿಲಿಗೆ ಒಣಗಿಸುತ್ತಾರೆ, ಅದೇ ತಪ್ಪು. ಗಾಳಿ ತಾಗಿದ ಕೂಡಲೆ ಒಳಗೆ ತುಕ್ಕು ಶುರುವಾಗುತ್ತದೆ. ಸಿಹಿನೀರಿನಲ್ಲಿ ತೊಳೆದು ಅದೇ ದಿನ ಮೆಕ್ಯಾನಿಕ್‌ಗೆ ಒಪ್ಪಿಸಿ. ತಡವಾಗುವುದಾದರೆ ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡುವುದು ಮೇಲು. ಓಡುತ್ತಿರುವಾಗಲೇ ಬಿದ್ದದ್ದಾದರೆ ಹಗ್ಗವನ್ನು ಬಲವಂತವಾಗಿ ಎಳೆಯಬೇಡಿ. ಒಳಗೆ ನೀರು ತುಂಬಿರುವಾಗ ಎಳೆದರೆ ಕಡ್ಡಿಗಳು ಬಾಗಿಹೋದಾವು. ಹೀಗೆ ಬೀಳದಂತೆ ಎಂಜಿನಿಗೂ ದೋಣಿಗೂ ಒಂದು ಗಟ್ಟಿ ಹಗ್ಗ ಕಟ್ಟಿಡಿ.

ಕೊನೆಯ ಮಾತು. ಹೊರಡುವ ಮೊದಲು ಐದು ವಿಷಯ ನೋಡಿ: ಡಬ್ಬಿಯಲ್ಲಿ ಎಣ್ಣೆ, ಮುಚ್ಚಳದ ಗಾಳಿ ತಿರುಪು, ಹಲಗೆಗೆ ಕಚ್ಚಿದ ಬಿಗಿತಿರುಪು, ತಂಪಿನ ನೀರಿನ ಧಾರೆ, ದೋಣಿಯಲ್ಲಿ ಹುಟ್ಟು. ಎಂಜಿನು ನಿಲ್ಲಿಸುವ ಸುರುಳಿದಾರ ಇದ್ದರೆ ನಡೆಸುವವರು ಅದನ್ನು ಕೈಗೆ ಕಟ್ಟಿಕೊಳ್ಳಲಿ. ಆಯ ತಪ್ಪಿ ಬಿದ್ದರೂ ಎಂಜಿನು ನಿಲ್ಲುತ್ತದೆ, ಫ್ಯಾನು ಮೈಗೆ ತಾಗುವುದಿಲ್ಲ. ತೇಲುವ ಜಾಕೀಟನ್ನು ಮಕ್ಕಳಿಗಂತೂ ತೊಡಿಸಲೇಬೇಕು, ದೊಡ್ಡವರೂ ನಾಚಬೇಕಾಗಿಲ್ಲ. ಮನೆಯ ಹೆಣ್ಣುಮಕ್ಕಳಿಗೂ ಎಂಜಿನು ಹತ್ತಿಸುವುದನ್ನು, ನಿಲ್ಲಿಸುವುದನ್ನು ಕಲಿಸಿಡಿ. ನಡುಹೊಳೆಯಲ್ಲಿ ತಿಳಿದವರು ಒಬ್ಬರಿಗಿಂತ ಇಬ್ಬರಿದ್ದರೆ ಲೇಸು.

ಆಪತ್ತಿಗಾದವನೇ ನೆಂಟ ಎನ್ನುತ್ತಾರೆ. ದಿನಾ ಹತ್ತು ನಿಮಿಷ ಸಿಹಿನೀರು ಕೊಟ್ಟ ಎಂಜಿನು ನೆಂಟನಾಗಿ ನಿಲ್ಲುತ್ತದೆ. ಆದರೂ ಆ ಹುಟ್ಟನ್ನು ಮಾತ್ರ ಜಗಲಿಯ ಮೇಲೆ ಬಿಟ್ಟು ಹೋಗಬೇಡಿ.